ಕಷ್ಟದಲ್ಲಿ ತಾಳ್ಮೆ ಕಲಿಯುವುದು ಹೇಗೆ? ವಿಶ್ವಾಸಿಗಳಿಗೆ ಹಂತ ಹಂತವಾದ ಮಾರ್ಗದರ್ಶಿ

ಕೋಲಾರ, ಬಂಗಾರಪೇಟೆ, ಚಿಂತಾಮಣಿ ಕಡೆಯ ಕ್ರೈಸ್ತ ಸಭೆಗಳಲ್ಲಿ ಕೂಟ ಮುಗಿದು ಜನ ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ತಾಳ್ಕೊಳ್ಳಿ ತಾಳ್ಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಹೆಂಗೆ ತಾಳ್ಕೊಳ್ಳೋದು ಅಂತ ಮಾತ್ರ ಯಾರೂ ಹೇಳಲ್ಲ."

ಕೇಳುವವರ ಕಷ್ಟ ಒಂದೇ ಥರದ್ದಲ್ಲ. ಸಾವಿರ ಅಡಿ ದಾಟಿ ಕೊರೆಸಿದ ಬೋರ್‌ವೆಲ್‌ನಲ್ಲಿ ಬರೀ ದೂಳು ಕಂಡವರಿದ್ದಾರೆ. ಟೊಮೆಟೊ ಬೆಲೆ ಬಿದ್ದು ಕಿತ್ತ ಕೂಲಿಯೂ ಹುಟ್ಟದವರಿದ್ದಾರೆ. ವಾರಕ್ಕೆ ಎರಡು ಮೂರು ಸಲ ಗಂಡನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವವರು, ಮಕ್ಕಳಾಗಲಿಲ್ಲವೆಂದು ಅತ್ತೆಮನೆಯಲ್ಲಿ ಮಾತು ಕೇಳುವವರೂ ಇದ್ದಾರೆ. ಕೆಜಿಎಫ್‌ನಲ್ಲಂತೂ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕತ್ತಲಿರುವಾಗಲೇ ಎದ್ದು ಬೆಂಗಳೂರಿನ ರೈಲು ಹಿಡಿಯುವುದೇ ಎಷ್ಟೋ ಮನೆಗಳ ದಿನಚರಿಯಾಗಿದೆ. ಇವರಿಗೆಲ್ಲ "ದೇವರ ಚಿತ್ತ" ಎಂದು ಒಂದೇ ಮಾತು ಹೇಳಿ ಕಳಿಸಿದರೆ ಅದು ಅವರ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಏನೇನು ಬೇಕು

ಒಂದು ಸತ್ಯವೇದ (ಬೈಬಲ್), ಮಕ್ಕಳು ಬರೆದು ಬಿಟ್ಟ ಒಂದು ನೋಟ್‌ಬುಕ್, ದಿನಕ್ಕೆ ಕಾಲು ಗಂಟೆ, ನೀವು ಹೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಒಬ್ಬ ಮನುಷ್ಯ. ಓದು ಬರಹ ಬಾರದವರು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಟ್ಟುಕೊಂಡರೂ ನಡೆಯುತ್ತದೆ.

ಪ್ರಸಂಗದಲ್ಲಿ, ಅಂದರೆ ಸಭೆಯ ಬೋಧನೆಯಲ್ಲಿ, ಪದೇ ಪದೇ ಬರುವ ಮೂರು ಪದಗಳ ಅರ್ಥ ಮೊದಲೇ ಹೇಳಿಬಿಡುತ್ತೇನೆ. ಉಪದ್ರವ ಎಂದರೆ ಹೊರಗಿನಿಂದ ಬಂದು ನಮ್ಮನ್ನು ಅದುಮುವ ಕಷ್ಟ. ಶೋಧನೆ ಎಂದರೆ ನಂಬಿಕೆಯನ್ನು ಪರೀಕ್ಷೆಗೆ ಹಚ್ಚುವ ಸಂದರ್ಭ. ಪ್ರಲಾಪ ಎಂದರೆ ದೇವರ ಮುಂದೆ ಗೋಳು ಹೇಳಿಕೊಳ್ಳುವ ಪ್ರಾರ್ಥನೆ.

1. ಕಷ್ಟವನ್ನು ವಿಂಗಡಿಸಿ

ಬಹಳ ಜನ ಎಡವುವುದು ಇಲ್ಲೇ. ಎಲ್ಲ ಕಷ್ಟವನ್ನೂ ಒಂದೇ ಮೂಟೆಗೆ ಕಟ್ಟಿ "ಶಿಲುಬೆ" ಎಂದು ಹೆಸರಿಟ್ಟು ಹೊರುತ್ತಾರೆ. ಅದಕ್ಕೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಡೆದದ್ದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಮನಸ್ಸಿಗೆ ಏನನ್ನಿಸುತ್ತಿದೆ ಎಂಬುದು ಈಗ ಬೇಡ, ಏನಾಯಿತು ಎಂಬುದಷ್ಟೇ ಸಾಕು. "ನನ್ನ ಬದುಕೇ ಹಾಳಾಯ್ತು" ಎಂದು ಬರೆದರೆ ಮುಂದಕ್ಕೆ ದಾರಿಯಿಲ್ಲ. "ಸಂಘದ ಸಾಲದ ಎರಡು ಕಂತು ಬಾಕಿ ಇದೆ, ಶುಕ್ರವಾರ ಮತ್ತೆ ಬರುತ್ತಾರೆ" ಎಂದು ಬರೆದರೆ ಹಿಡಿದುಕೊಳ್ಳಲು ಏನೋ ಸಿಕ್ಕಿತು.

ಬರೆದಾದ ಮೇಲೆ ಅದು ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ನೋಡಿ.

ಕೆಲವು ಕಷ್ಟ ನಾವೇ ಸರಿಪಡಿಸಿಕೊಳ್ಳಬಹುದಾದವು. ಲೆಕ್ಕವಿಲ್ಲದ ಖರ್ಚು, ಮುಂದೂಡುತ್ತಾ ಬಂದ ಪರೀಕ್ಷೆ, ಅಣ್ಣನ ಹತ್ತಿರ ಕೇಳಬೇಕಾದ ಕ್ಷಮೆ. ಇವಕ್ಕೆ ತಾಳ್ಮೆಗಿಂತ ಮೊದಲು ಕೆಲಸ ಬೇಕು. ಒಂದು ದಿನ ಗೊತ್ತುಮಾಡಿ ಮುಗಿಸಿ.

ಕೆಲವು ಕಷ್ಟ ಇನ್ನೊಬ್ಬರು ಮಾಡುತ್ತಿರುವ ಅನ್ಯಾಯ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮ ಸಭೆಗಳಲ್ಲಿ ತಾಳ್ಮೆಯ ಬೋಧನೆ ಹೆಚ್ಚು ದುರುಪಯೋಗವಾಗಿರುವುದು ಈ ಜಾಗದಲ್ಲಿ. ಕುಡಿದು ಬಂದು ಹೊಡೆಯುವ ಗಂಡನನ್ನು ಸಹಿಸಿಕೋ, ನಿನ್ನ ಪ್ರಾರ್ಥನೆಯಿಂದ ಬದಲಾಗುತ್ತಾನೆ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳಿ ಕಳಿಸುವ ಹಿರಿಯರಿದ್ದಾರೆ. ಪ್ರಾರ್ಥನೆ ಮಾಡಲಿ, ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಹೊಡೆತದ ಮನೆಯಿಂದ ಮೊದಲು ಹೊರಗೆ ಬಂದು ಪ್ರಾರ್ಥಿಸಲಿ. ಫಿಲಿಪ್ಪಿಯ ಸೆರೆಮನೆಯಲ್ಲಿ ಮಧ್ಯರಾತ್ರಿ ಹಾಡಿದ ಪೌಲನ ಕಥೆ ಎಲ್ಲರಿಗೂ ಬಾಯಿಪಾಠ. ಅದೇ ಅಧ್ಯಾಯದ ಕೊನೆಯನ್ನೂ ಓದಿ (ಅಪೊಸ್ತಲರ ಕೃತ್ಯಗಳು 16). ಬೆಳಗಾದ ಮೇಲೆ ಅಧಿಕಾರಿಗಳು ಸದ್ದಿಲ್ಲದೆ ಬಿಟ್ಟು ಕಳಿಸಲು ನೋಡಿದರೆ, ರೋಮಾಪುರದ ಪೌರತ್ವದ ಹಕ್ಕುಳ್ಳ ನಮ್ಮನ್ನು ವಿಚಾರಣೆಯಿಲ್ಲದೆ ಹೊಡೆಸಿದ್ದೀರಿ, ನೀವೇ ಬಂದು ಕರೆದುಕೊಂಡು ಹೋಗಿ ಎಂದು ಪೌಲ ಪಟ್ಟು ಹಿಡಿದ. ಅವರು ಬರಲೇಬೇಕಾಯಿತು.

ನಿಮಗೂ ಹಕ್ಕುಗಳಿವೆ. ಮನೆಯೊಳಗಿನ ಹಿಂಸೆಯಿಂದ ಹೆಣ್ಣುಮಕ್ಕಳನ್ನು ಕಾಯುವ ಕಾನೂನು 2005ರಿಂದಲೇ ಇದೆ. ಮಹಿಳಾ ಸಹಾಯವಾಣಿ 181, ತುರ್ತಿದ್ದರೆ 112. ಸಾಲ ವಸೂಲಿಗೆಂದು ಮನೆ ಮುಂದೆ ಕೂತು ಮಾನ ಕಳೆಯುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂತು. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಉಚಿತ. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದರೆ ಸಾಕ್ಷಿ (ಊರ ಮುಂದೆ ವಿಶ್ವಾಸಿಗಿರುವ ಒಳ್ಳೆಯ ಹೆಸರು) ಕೆಡುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸಾಕ್ಷಿ ಕೆಡಿಸಿದವನು ಹೊಡೆದವನು.

ಉಳಿದದ್ದು ಯಾರ ಕೈಯಲ್ಲೂ ಇಲ್ಲದ ಕಷ್ಟ. ಬಾರದ ಮಳೆ, ವಾಸಿಯಾಗದ ಕಾಯಿಲೆ, ತೀರಿಹೋದ ಮಗು, ಮಾಡಬೇಕಾದ್ದೆಲ್ಲ ಮಾಡಿದ ಮೇಲೂ ಬಾರದ ಫಲ. ಮುಂದಿನ ಹಂತಗಳು ಮುಖ್ಯವಾಗಿ ಇದಕ್ಕೆ. ಅನ್ಯಾಯದ ವಿರುದ್ಧ ಹೆಜ್ಜೆ ಇಟ್ಟವರಿಗೂ ಕೋರ್ಟಿನ ವಾಯಿದೆ ಮೇಲೆ ವಾಯಿದೆ ಬೀಳುವಾಗ ಇವು ಬೇಕಾಗುತ್ತವೆ.

2. ಮೊದಲು ಊಟ, ನಿದ್ದೆ, ಮಾತ್ರೆ

1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಒಂದು ಗಿಡದ ಕೆಳಗೆ ಕೂತು ಸಾವನ್ನು ಬೇಡಿಕೊಳ್ಳುತ್ತಾನೆ. ದೇವದೂತ ಅವನಿಗೆ ಪ್ರಸಂಗ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮಲಗುತ್ತಾನೆ, ಎಬ್ಬಿಸಿ ಇನ್ನೊಮ್ಮೆ ತಿನ್ನಿಸಲಾಗುತ್ತದೆ. ದೇವರು ಅವನನ್ನು ಮಾತಾಡಿಸುವುದು ಅದಾದ ಎಷ್ಟೋ ದಿನಕ್ಕೆ, ಹೋರೇಬ್ ಬೆಟ್ಟದಲ್ಲಿ.

ಹಾಗಾಗಿ ಕಷ್ಟ ಬಂದ ವಾರವೇ ಉಪವಾಸ ಪ್ರಾರ್ಥನೆಗೆ ಹೆಸರು ಕೊಡಬೇಡಿ. ಸಕ್ಕರೆ ಕಾಯಿಲೆಯವರು, ಬಸುರಿಯರು, ಟಿಬಿ ಮಾತ್ರೆ ನುಂಗುತ್ತಿರುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬಾರದು. "ವಿಶ್ವಾಸವಿದ್ದರೆ ಮಾತ್ರೆ ಬಿಡು" ಎನ್ನುವ ಬೋಧಕರು ಎದುರಾದರೆ ವಂದನೆ ಹೇಳಿ ಎದ್ದು ಬನ್ನಿ. ಎರಡು ವಾರದಿಂದ ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಸತ್ತರೆ ಸಾಕು ಅನ್ನಿಸುತ್ತಿದೆ ಎಂದಾದರೆ ಅದು ತಾಳ್ಮೆಯ ಕೊರತೆಯಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

3. ದೂರನ್ನು ದೇವರ ಮುಂದೆಯೇ ಹೇಳಿ

ಗೊಣಗುವುದು ಪಾಪ ಎಂದು ಭಾನುವಾರದ ಶಾಲೆಯಲ್ಲೇ ಕಲಿತವರು ನಾವು. ಅದರ ಫಲವೇನೆಂದರೆ ದೇವರಿಗೆ "ಸ್ತೋತ್ರ ಸ್ತೋತ್ರ" ಎನ್ನುತ್ತೇವೆ, ಸಿಟ್ಟನ್ನೆಲ್ಲ ಮಕ್ಕಳ ಬೆನ್ನ ಮೇಲೆ ತೀರಿಸುತ್ತೇವೆ. ಕೀರ್ತನೆ ಬರೆದವರಿಗೆ ಈ ಸಂಕೋಚ ಇರಲಿಲ್ಲ. ಆರೇ ವಚನದ 13ನೇ ಕೀರ್ತನೆ ತೆಗೆದು ನೋಡಿ. ಮೊದಲ ಎರಡು ವಚನದಲ್ಲೇ "ಇನ್ನೂ ಎಷ್ಟು ಕಾಲ" ಎಂಬ ಪ್ರಶ್ನೆ ನಾಲ್ಕು ಸಲ. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ಪ್ರಲಾಪದ ಪ್ರಾರ್ಥನೆ ಕಟ್ಟುವ ಕ್ರಮ ಇಷ್ಟೇ: ದೂರು, ಬೇಡಿಕೆ, ಭರವಸೆ.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನನ್ನು ತಾಳ್ಮೆಗೆ ಉದಾಹರಣೆಯಾಗಿ ತೋರಿಸುತ್ತೇವೆ. ಯಾಕೋಬನ ಪತ್ರವೂ ತೋರಿಸುತ್ತದೆ (5:11). ಆದರೆ ಆ ಯೋಬ ಮೂರನೇ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸಿದ, ಮುಂದೆ ಅಧ್ಯಾಯಗಟ್ಟಲೆ ದೇವರ ಜೊತೆ ವಾದ ಹೂಡಿದ. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಯಾರ ಮೇಲೆ? ಅವನನ್ನು ಸಂತೈಸಲು ಬಂದು ಧರ್ಮದ ಮಾತುಗಳನ್ನು ಚೆನ್ನಾಗಿ ಆಡಿದ ಗೆಳೆಯರ ಮೇಲೆ. ನನ್ನ ವಿಷಯ ಸರಿಯಾಗಿ ಮಾತಾಡಿದವನು ಯೋಬನೇ ಎನ್ನುತ್ತಾನೆ. ಯೋಬ ಒಂದು ಕೆಲಸ ಮಾಡಲಿಲ್ಲ: ದೇವರಿಗೆ ಬೆನ್ನು ತಿರುಗಿಸಿ ಎದ್ದು ಹೋಗಲಿಲ್ಲ. ಬೈದರೂ ಮುಖಾಮುಖಿಯಾಗಿಯೇ ನಿಂತ. ತಾಳ್ಮೆ ಎಂದು ನಾನು ಹೇಳುತ್ತಿರುವುದು ಆ ನಿಲುವನ್ನು.

ಬರೆಯುವುದು ಹೇಗೆ ಎಂಬುದಕ್ಕೆ ಒಂದು ಮಾದರಿ. ಟೊಮೆಟೊ ಬೆಳೆದವರೊಬ್ಬರು ಹೀಗೆ ಬರೆಯಬಹುದು:

"ಸ್ವಾಮೀ, ಇನ್ನೂ ಎಷ್ಟು ದಿನ? ಹೋದ ವರ್ಷ ರೋಗ ಬಂತು. ಈ ವರ್ಷ ಕಾಯಿ ಚೆನ್ನಾಗಿ ಬಂತು, ರೇಟ್ ಬಿತ್ತು. ಕ್ರೇಟ್‌ನ ಬಾಡಿಗೆ ಕೊಟ್ಟು, ಆಟೋಗೆ ಕೊಟ್ಟು, ಮಂಡಿಯಿಂದ ಬರಿಗೈಲಿ ಬಂದೆ. ನೀನು ನೋಡ್ತಿಲ್ವಾ? ಮಗಳ ಫೀಸು ಹದಿನೈದನೇ ತಾರೀಕಿಗೆ ಕಟ್ಟಬೇಕು, ದಾರಿ ತೋರಿಸು. ಹೆಂಡತಿ ಮುಂದೆ ಅಳದ ಹಾಗೆ ಮಾಡು. ಅಳು ಬಂದರೆ ಅತ್ತುಬಿಡೋ ಧೈರ್ಯನಾದ್ರೂ ಕೊಡು. ಅಪ್ಪ ಸತ್ತಾಗ ನಮ್ಮನ್ನ ಬೀದಿಗೆ ಬಿಡಲಿಲ್ಲ ನೀನು. ಅದನ್ನ ಹಿಡ್ಕೊಂಡೇ ಕೇಳ್ತಿದೀನಿ."

ನೋಡಿ, ಇದರಲ್ಲಿ ಸುಂದರವಾದ ಮಾತು ಒಂದೂ ಇಲ್ಲ. ಬೇಕಾಗಿಯೂ ಇಲ್ಲ. ಮನೆಯಲ್ಲಿ ತೆಲುಗೋ ತಮಿಳೋ ಆಡುವವರು ಅದರಲ್ಲೇ ಬರೆಯಿರಿ, ಗೋಳಿಗೆ ಗ್ರಂಥದ ಭಾಷೆ ಹೊಂದುವುದಿಲ್ಲ. ಭರವಸೆಯ ಭಾಗ ಬಾಯಿಗೆ ಬಾರದ ದಿನ ದೂರು, ಬೇಡಿಕೆಗೇ ನಿಲ್ಲಿಸಿ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಅದನ್ನೂ ಸತ್ಯವೇದದಲ್ಲಿ ಉಳಿಸಿಕೊಂಡಿದ್ದಾರೆ.

ಒಂದು ಎಚ್ಚರಿಕೆ. ದೇವರ ಜೊತೆ ಚೌಕಾಸಿಗೆ ಇಳಿಯಬೇಡಿ. ಇಷ್ಟು ಕಾಣಿಕೆ ಹಾಕುತ್ತೇನೆ, ಇಷ್ಟರೊಳಗೆ ಕೆಲಸ ಆಗಬೇಕು ಎಂಬ ಲೆಕ್ಕ ಹೊಸ ಸಾಲಕ್ಕೆ ದಾರಿ. ಕಷ್ಟದಲ್ಲಿರುವವರ ಹತ್ತಿರ ಬಿತ್ತನೆ ಕಾಣಿಕೆ, ಅಂದರೆ ಇಂದು ಕೊಟ್ಟರೆ ನೂರ್ಮಡಿ ಹಿಂದಿರುಗುತ್ತದೆ ಎಂಬ ಮಾತಿನ ಮೇಲೆ ಕೊಡಿಸುವ ದುಡ್ಡು, ಕೇಳುವವರು ಎಲ್ಲ ಊರಿನಲ್ಲೂ ಇದ್ದಾರೆ.

4. ಇವತ್ತಿನ ಕೆಲಸ ಬಿಡಬೇಡಿ

ಯಾಕೋಬ 5:7ರಲ್ಲಿ ತಾಳ್ಮೆಗೆ ಕೊಟ್ಟಿರುವ ಹೋಲಿಕೆ ನಮ್ಮ ಜಿಲ್ಲೆಗೇ ಹೇಳಿ ಮಾಡಿಸಿದ ಹಾಗಿದೆ: ಮುಂಗಾರು ಹಿಂಗಾರಿಗಾಗಿ ಕಾಯುವ ರೈತ. ಆ ದೇಶದ ಮುಂಗಾರು ಅಕ್ಟೋಬರ್‌-ನವೆಂಬರ್‌ನಲ್ಲಿ ಬಿತ್ತನೆಗೆ ಬರುತ್ತದೆ, ಹಿಂಗಾರು ಮಾರ್ಚ್-ಏಪ್ರಿಲ್‌ನಲ್ಲಿ ಕೊಯ್ಲಿಗೆ ಮುಂಚೆ. ತಿಂಗಳುಗಳು ಬೇರೆ, ಆಕಾಶ ನೋಡುವ ಕಣ್ಣು ಒಂದೇ. ಮಳೆ ನಂಬಿ ರಾಗಿ ಹಾಕಿದವರಿಗೆ ಕಾಯುವುದೆಂದರೆ ಏನೆಂದು ಗೊತ್ತು. ಮೋಡ ಕಟ್ಟಿ ಬಿಚ್ಚಿಹೋದ ದಿನವೂ ಕುಂಟೆ ಹಾಯಿಸಬೇಕು, ಕಳೆ ಕೀಳಬೇಕು, ಹಸುವಿಗೆ ಹುಲ್ಲು ತರಬೇಕು. ಮಳೆ ದೇವರ ಕೆಲಸ, ಕಳೆ ನಮ್ಮದು.

ಹೀಗೆ ಮಾಡಿ. ಪ್ರತಿ ರಾತ್ರಿ ನಾಳೆಯ ಮೂರು ಕೆಲಸ ಬರೆಯಿರಿ, ಮೂರೂ ನಿಮ್ಮ ಕೈಯಲ್ಲಿರುವಂಥವೇ ಆಗಿರಲಿ. ಆಸ್ಪತ್ರೆಯಲ್ಲಿ ಮಲಗಿರುವವರಿಗೆ "ಹೊತ್ತಿಗೆ ಸರಿಯಾಗಿ ಮಾತ್ರೆ, ಹತ್ತು ಹೆಜ್ಜೆ ನಡಿಗೆ, ತಂಗಿಗೆ ಫೋನ್" ಇಷ್ಟೇ ಆಗಬಹುದು. ಮುಂದಿನ ವರ್ಷದ ಚಿಂತೆ ನುಗ್ಗಿದಾಗ ಆ ಪಟ್ಟಿಗೆ ವಾಪಸ್ ಬನ್ನಿ. ನಾಳೆಯ ಚಿಂತೆ ನಾಳೆಗೆ ಎಂದು ಯೇಸು ಹೇಳಿದ್ದು (ಮತ್ತಾಯ 6:34) ಆಚರಣೆಗೆ ಬರುವುದು ಇಂಥ ಚಿಕ್ಕ ಪಟ್ಟಿಯಲ್ಲಿ.

5. ದೊಡ್ಡ ನಿರ್ಧಾರ ಸದ್ಯಕ್ಕೆ ಬೇಡ

ಅರಸ ಸೌಲ ಗಿಲ್ಗಾಲಿನಲ್ಲಿ ಪ್ರವಾದಿ ಸಮುವೇಲನಿಗಾಗಿ ಏಳು ದಿನ ಕಾದ. ಜನ ಚದುರಿಹೋಗುವುದನ್ನು ನೋಡಲಾರದೆ, ಸಮುವೇಲ ಬಂದು ಅರ್ಪಿಸಬೇಕಿದ್ದ ಯಜ್ಞವನ್ನು ತಾನೇ ಅರ್ಪಿಸಿಬಿಟ್ಟ. ಅದು ಮುಗಿಯುವುದಕ್ಕೂ ಸಮುವೇಲ ಬರುವುದಕ್ಕೂ ಸರಿಹೋಯಿತು (1 ಸಮುವೇಲ 13). ನಮ್ಮಲ್ಲಿ ಇದೇ ಆತುರ ಜಮೀನು ಮಾರುವುದರಲ್ಲಿ, ಒಡವೆ ಅಡವಿಟ್ಟು ಇನ್ನೊಂದು ಬೋರ್ ಕೊರೆಸುವುದರಲ್ಲಿ, ಓದುತ್ತಿರುವ ಮಗಳಿಗೆ ಗಂಡು ಗೊತ್ತುಮಾಡುವುದರಲ್ಲಿ ಕಾಣುತ್ತದೆ. ಸಹಿ ಹಾಕುವ ವಿಷಯ ಏನೇ ಇರಲಿ, ಮನೆಯ ಹೊರಗಿನ ಇಬ್ಬರಿಗೆ ತೋರಿಸಿ, ಒಂದು ತಿಂಗಳು ಬಿಟ್ಟು ಮತ್ತೆ ಯೋಚಿಸಿ. ಆಪರೇಷನ್, ಮೊದಲ ಹಂತದಲ್ಲಿ ಹೇಳಿದ ಹೊಡೆತ ಇವು ಮಾತ್ರ ಇದಕ್ಕೆ ಹೊರತು. ಅವುಗಳಲ್ಲಿ ಕಾಯುವುದೇ ಅಪಾಯ.

6. ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ

ಯೋಸೇಫನನ್ನು ಅಣ್ಣಂದಿರು ಮಾರಿದಾಗ ಅವನಿಗೆ 17 ವರ್ಷ. ಫರೋಹನ ಮುಂದೆ ನಿಂತಾಗ 30. ನಡುವಿನ 13 ವರ್ಷ ಅವನು ಬಾಯಿ ಮುಚ್ಚಿಕೊಂಡು ಸಹಿಸಿದ ಎಂದುಕೊಂಡಿದ್ದರೆ ಆದಿಕಾಂಡ 40 ಓದಿ. ಬಿಡುಗಡೆಯಾಗಿ ಹೊರಡುತ್ತಿದ್ದ ಪಾನದಾಯಕನಿಗೆ (ಅರಸನಿಗೆ ದ್ರಾಕ್ಷಾರಸ ಕೊಡುವ ಅಧಿಕಾರಿ) ಯೋಸೇಫ ನೇರವಾಗಿ ಹೇಳುತ್ತಾನೆ: ನನ್ನನ್ನು ಕದ್ದು ತಂದರು, ತಪ್ಪಿಲ್ಲದೆ ಇಲ್ಲಿ ಹಾಕಿದ್ದಾರೆ, ಅರಸನಿಗೆ ನನ್ನ ವಿಷಯ ತಿಳಿಸು. ಅವನು ಮರೆತ. ಎರಡು ವರ್ಷ ಮರೆತ. ಆದರೂ ಕೇಳಿದ್ದು ತಪ್ಪಾಗಲಿಲ್ಲ, ಕೊನೆಗೆ ಬಾಗಿಲು ತೆರೆದದ್ದು ಆ ಮಾತೇ.

ಯಾರಿಗೆ ಹೇಳಬೇಕು? ಇನ್ನೊಬ್ಬರ ಗುಟ್ಟನ್ನು ನಿಮ್ಮ ಹತ್ತಿರ ಎಂದೂ ಆಡದವರಿಗೆ. ಅವರು ಪಾಸ್ಟರೇ ಆಗಬೇಕೆಂದಿಲ್ಲ. ಸ್ತ್ರೀಯರ ಕೂಟದ ಒಬ್ಬ ದೊಡ್ಡಮ್ಮ, ರೈಲಿನಲ್ಲಿ ದಿನಾ ಜೊತೆ ಬರುವ ಸಹೋದ್ಯೋಗಿ, ಯಾರಾದರೂ ಸರಿ. ಹೇಳುವಾಗ ಬೇಕಾದ್ದನ್ನೂ ಸ್ಪಷ್ಟವಾಗಿ ಕೇಳಿ: "ಗುರುವಾರ ಮಗುವನ್ನು ನೋಡಿಕೊಳ್ಳಿ", "ಬ್ಯಾಂಕಿಗೆ ನನ್ನ ಜೊತೆ ಬನ್ನಿ". ಬರೀ "ಪ್ರಾರ್ಥನೆ ಮಾಡಿ" ಎಂದರೆ ಅವರು ಮಾಡುತ್ತಾರೆ, ಬ್ಯಾಂಕಿಗೆ ಮಾತ್ರ ನೀವೊಬ್ಬರೇ ಹೋಗಬೇಕಾಗುತ್ತದೆ.

ಪ್ರಾರ್ಥನಾ ವಿಷಯವೆಂದು ವಾಟ್ಸಾಪ್ ಗುಂಪಿಗೆ ಹಾಕಿದ್ದು ಸಂಜೆಯೊಳಗೆ ಬೀಗರ ಮನೆ ತಲುಪುತ್ತದೆ. ಹೆಸರು, ಕಾಯಿಲೆ, ಸಾಲದ ಮೊತ್ತ ಅಲ್ಲಿ ಹಾಕಬೇಡಿ.

7. ತಿಂಗಳಿಗೊಮ್ಮೆ ಹಿಂದಿನ ಪುಟ ತಿರುವಿ

ರೋಮಾಪುರದವರಿಗೆ ಬರೆದ ಪತ್ರದ ಐದನೇ ಅಧ್ಯಾಯ ಉಪದ್ರವದಿಂದ ತಾಳ್ಮೆ, ಅದರಿಂದ ಅನುಭವ, ಅನುಭವದಿಂದ ನಿರೀಕ್ಷೆ ಎಂದು ಒಂದರ ಹಿಂದೆ ಒಂದನ್ನು ಜೋಡಿಸುತ್ತದೆ. ನಡುವಿನ ಅನುಭವ ತಾನಾಗಿ ನೆನಪಿನಲ್ಲಿ ಉಳಿಯುವುದಿಲ್ಲ, ಕಷ್ಟದ ದಿನಗಳಲ್ಲಿ ನಿನ್ನೆಯದೇ ಮರೆತಿರುತ್ತದೆ. ನೋಟ್‌ಬುಕ್ ಅದಕ್ಕೇ. ಹೋದ ತಿಂಗಳು ಯಾವುದಕ್ಕೆ ಹೆದರಿದ್ದಿರಿ, ಅದರಲ್ಲಿ ಎಷ್ಟು ನಡೆಯಿತು, ಯಾರು ಬಂದರು, ಯಾವ ಮಾತಿಗೆ ಮೊದಲಿನಷ್ಟು ಸಿಟ್ಟು ಬರುತ್ತಿಲ್ಲ ಎಂದು ಗುರುತು ಹಾಕಿ. ಬದಲಾವಣೆ ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಿರಿ.

ಇಲ್ಲಿ ಎರಡು ಗುಂಡಿಗಳಿವೆ. ಒಂದು, ಕಾರಣ ಹುಡುಕುವುದು. "ನಾನು ಮಾಡಿದ ಯಾವ ಪಾಪಕ್ಕೆ ಇದು?" ಹುಟ್ಟು ಕುರುಡನನ್ನು ಕಂಡು ಶಿಷ್ಯರೂ ಇದನ್ನೇ ಕೇಳಿದರು. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದು ಯೇಸು ಆ ಲೆಕ್ಕವನ್ನೇ ತಳ್ಳಿಹಾಕಿದ (ಯೋಹಾನ 9). ಇನ್ನೊಂದು, ಅವಸರದ ಸಾಕ್ಷಿ. ಗಾಯ ಇನ್ನೂ ಹಸಿಯಿರುವಾಗಲೇ ಮೈಕ್ ಕೊಟ್ಟು "ದೇವರು ಮಾಡಿದ ಉಪಕಾರ ಹೇಳಿ" ಎನ್ನುತ್ತಾರೆ. ಆಗುವುದಿಲ್ಲ ಎನ್ನಿ. ಪೌಲ ತನ್ನ ಶರೀರದ ಮುಳ್ಳನ್ನು (ಬಿಡದೆ ಕಾಡುತ್ತಿದ್ದ ಬಾಧೆಗೆ ಅವನಿಟ್ಟ ಹೆಸರು) ತೆಗೆಯಬೇಕೆಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು (2 ಕೊರಿಂಥ 12). ವಾಸಿಯಾಗದವರಿಗೂ ಸಭೆಯಲ್ಲಿ ಜಾಗವಿದೆ.

ತಾಳ್ಮೆ ಕೆಟ್ಟ ದಿನ

ಕೆಡುತ್ತದೆ. ಹಾಸಿಗೆ ಹಿಡಿದ ಮಾವನಿಗೆ ಹತ್ತನೇ ಸಲ ಬಟ್ಟೆ ಬದಲಿಸುವಾಗ ಬಾಯಿ ತಪ್ಪಿ ಮಾತು ಬರುತ್ತದೆ. ಅವರ ಹತ್ತಿರ ಕ್ಷಮೆ ಕೇಳಿ, ಹೊರಗೆ ಬಂದು ಮುಖ ತೊಳೆದುಕೊಳ್ಳಿ, ಆ ವಾರದಲ್ಲಿ ಅರ್ಧ ದಿನ ಬೇರೆಯವರಿಗೆ ಒಪ್ಪಿಸುವ ಏರ್ಪಾಡು ಮಾಡಿಕೊಳ್ಳಿ. ನೋಡಿಕೊಳ್ಳುವವರ ಕೋಪದ ಹಿಂದೆ ಬಹಳ ಸಲ ಇರುವುದು ಬರೀ ದಣಿವು.

ಕಷ್ಟದ ಮನೆಗೆ ಭೇಟಿ ಕೊಡುವವರಿಗೆ

ಇದನ್ನು ಓದುತ್ತಿರುವವರಲ್ಲಿ ಕೆಲವರಿಗೆ ಸ್ವಂತ ಕಷ್ಟವಿಲ್ಲ, ಇನ್ನೊಬ್ಬರ ಮನೆಗೆ ಹೋಗಿ ಏನು ಹೇಳಬೇಕೆಂದು ತಿಳಿಯದೆ ಕೇಳಿದ್ದೀರಿ. ಯೋಬನ ಗೆಳೆಯರು ಮೊದಲ ಏಳು ದಿನ ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಜೊತೆಗೆ ಕೂತಿದ್ದರು, ಅದು ಅವರು ಮಾಡಿದ ಒಳ್ಳೆಯ ಕೆಲಸ. ಬಾಯಿ ತೆರೆದ ಮೇಲೆ ಕೆಟ್ಟಿತು. ಮೊದಲೇ ಫೋನ್ ಮಾಡಿ ಹೋಗಿ. ಊಟದ ಹೊತ್ತಿಗೆ ಹೋಗಿ ಅವರ ಕೈಲಿ ಅಡುಗೆ ಮಾಡಿಸಬೇಡಿ; ಸಾರು ಅನ್ನ ನೀವೇ ಒಯ್ಯಿರಿ. ಪ್ರಾರ್ಥನೆ ಎರಡು ನಿಮಿಷ ಸಾಕು. "ಎಲ್ಲಾ ಒಳ್ಳೇದಕ್ಕೇ", "ಇನ್ನೊಂದು ಮಗು ಆಗುತ್ತೆ ಬಿಡಮ್ಮ", "ಅವರಿಗಿಂತ ನಿಮ್ಮದು ಎಷ್ಟೋ ವಾಸಿ" ಈ ಮೂರು ಮಾತು ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳಿ. ಕವರಿನಲ್ಲಿ ದುಡ್ಡು ಕೊಡುವುದಾದರೆ ಎಲ್ಲರೆದುರಿಗೆ ಬೇಡ. ಮಣ್ಣಾದ ಮೊದಲ ವಾರ ಮನೆ ತುಂಬಾ ಜನ ಇರುತ್ತಾರೆ, ಮೂರನೇ ವಾರ ಯಾರೂ ಇರುವುದಿಲ್ಲ. ನೀವು ಮೂರನೇ ವಾರ ಹೋಗಿ.